ಕಾರುಗಳ ಕಾಗದ ಕಾಯ್ದ ಕ್ಲಾರ್ಕ್

ಹಳೆಯ ಕಾರುಗಳ ಸಂಗ್ರಾಹಕರೆಂದು ಅಮೆರಿಕದಲ್ಲಿ ಹೆಸರಾಂತ ಹೆನ್ರಿ ಆಸ್ಟಿನ್ ಕ್ಲಾರ್ಕ್ ಜೂನಿಯರ್ ಜನಿಸಿದ್ದು 1917ರಲ್ಲಿ. 1948ರಲ್ಲಿ ಅವರು ನ್ಯೂಯಾರ್ಕ್ ರಾಜ್ಯದ ಸೌತಾಂಪ್ಟನ್‌ನಲ್ಲಿ ಕಾರುಗಳ ವಸ್ತುಸಂಗ್ರಹಾಲಯ ತೆರೆದರು. 1908ರ ನ್ಯೂಯಾರ್ಕ್–ಪ್ಯಾರಿಸ್ ಸ್ಪರ್ಧೆ ಗೆದ್ದ ಥಾಮಸ್ ಫ್ಲೈಯರ್ ಕಾರೂ 1964ರವರೆಗೆ ಅವರಲ್ಲಿತ್ತು.

ನಮಗೆ ಹೆಚ್ಚಿನದಾಗಿ ತೋರುವುದು ಅವರ ಗ್ರಂಥಭಂಡಾರ. ನಮ್ಮ ಮನೆಗಳಲ್ಲಾದರೆ ರದ್ದಿಯವನ ತಕ್ಕಡಿ ಸೇರುತ್ತಿದ್ದ ಹಳೆಯ ಕ್ಯಾಟಲಾಗು, ಚಾಲಕರ ಕೈಪಿಡಿ, ಛಾಯಾಚಿತ್ರಗಳನ್ನು ಅವರು ಅಪರೂಪದ ಪುಸ್ತಕಗಳೊಡನೆ ಜತನದಿಂದ ಕೂಡಿಟ್ಟರು. ತಯಾರಿಸಿದ ಕಾರ್ಖಾನೆಯೇ ಮುಚ್ಚಿಹೋದ ಮೇಲೆ, ಕಾರಿನ ಮೂಲರೂಪ ತಿಳಿಯಲು ಇಂಥ ಕಾಗದಗಳೇ ಆಧಾರವಲ್ಲವೇ?

1980ರಲ್ಲಿ ಸಂಗ್ರಹಾಲಯ ಮುಚ್ಚಿತು. 1985ರಲ್ಲಿ ಬೆವರ್ಲಿ ರೇ ಕೈಮ್ಸ್ ಅವರೊಡನೆ 1942ರವರೆಗಿನ ಅಮೆರಿಕನ್ ಕಾರುಗಳ ಬೃಹತ್ ಕೋಶವನ್ನು ಹೊರತಂದ ಕ್ಲಾರ್ಕ್, 1991ರಲ್ಲಿ ನಿಧನರಾದರು. ಅವರು ಕೂಡಿಟ್ಟ ಕಾಗದಪತ್ರಗಳು ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಸಂಗ್ರಹಾಲಯದ ಸಂಶೋಧನಾ ಕೇಂದ್ರದಲ್ಲಿವೆ.