ಕಳೆದುಹೋಗುವ ಮುನ್ನವೇ ಹಾಡಿದ ಬಾಲ್ಯ

ಬಾಲ್ಯವನ್ನು ಕುರಿತು ಕವಿತೆ ಬರೆಯುವವರು ಸಾಮಾನ್ಯವಾಗಿ ಬಾಲ್ಯವನ್ನು ದಾಟಿ ಬಹುದೂರ ಬಂದವರು. ತಲೆ ನರೆತ ಮೇಲೆ ಹಿಂದಿರುಗಿ ನೋಡಿ ನಿಟ್ಟುಸಿರಿಡುವುದು ಎಲ್ಲ ಸಾಹಿತ್ಯಗಳಲ್ಲಿಯೂ ಇರುವ ರೂಢಿ. ಫ್ರಾನ್ಸಿನ ಕವಿ ಆರ್ಥರ್ ರಾಂಬೋನ ಸಂಗತಿ ಇದಕ್ಕೆ ತೀರ ಬೇರೆ. ಬಾಲ್ಯವನ್ನು ಕುರಿತು ಆತ ಬರೆದದ್ದು ಹದಿನಾರರ ಹರೆಯದಲ್ಲಿ. ಅವನ ತಲೆ ನರೆಯುವ ಹೊತ್ತಿಗೆ ಕವಿತೆ ಅವನ ಬಾಳಿನಿಂದ ಎಂದೋ ಹೊರಟುಹೋಗಿತ್ತು. ನಾನು ವಿದ್ಯಾರ್ಥಿಯಾಗಿದ್ದಾಗ ಇಂಗ್ಲಿಷ್ ಅನುವಾದದ ಮೂಲಕ ಅವನನ್ನು ಓದಿ, ಕೀರ್ತಿಯನ್ನು ಒದ್ದು ನಡೆದ ವೀರನೆಂದು ಮೆಚ್ಚಿಕೊಂಡಿದ್ದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮೇಲೆ ಈಗ ಮತ್ತೆ ಓದಿದರೆ, ಆ ಬಾಳು ನನಗೆ ಬೇರೆಯಾಗಿಯೇ ಕಾಣುತ್ತದೆ.

ರಾಂಬೋ ಹುಟ್ಟಿದ್ದು 1854ರ ಅಕ್ಟೋಬರ್ 20ರಂದು, ಬೆಲ್ಜಿಯಂ ಗಡಿಗೆ ಸಮೀಪವಾದ ಶಾರ್ಲವಿಲ್ ಪಟ್ಟಣದಲ್ಲಿ. ತಂದೆ ಸೈನ್ಯದಲ್ಲಿ ಕ್ಯಾಪ್ಟನ್. 1860ರಲ್ಲಿ, ಮಗನಿಗೆ ಇನ್ನೂ ಆರು ವರ್ಷ ತುಂಬುವ ಸುಮಾರಿಗೆ, ಮನೆ ಬಿಟ್ಟು ಹೋದವನು ಮರಳಲಿಲ್ಲ. ತಾಯಿ ವಿಟಾಲಿ ರೈತ ಮನೆತನದ ಹೆಣ್ಣು; ದೈವಭಕ್ತೆ, ಬಲು ಕಟ್ಟುನಿಟ್ಟಿನವಳು. ಅವಳನ್ನು ಕಲ್ಲೆದೆಯವಳೆಂದು ಚಿತ್ರಿಸುವುದು ಸುಲಭ. ಆದರೆ ಗಂಡ ತೊರೆದ ಮನೆಯಲ್ಲಿ ನಾಲ್ವರು ಮಕ್ಕಳನ್ನು ಒಬ್ಬಳೇ ದಡ ಮುಟ್ಟಿಸಬೇಕಾದವಳು ಆಕೆ ಎಂಬುದನ್ನು ನಾವು ಮರೆಯಬಾರದು.

ಶಾಲೆಯಲ್ಲಿ ಹುಡುಗ ಲ್ಯಾಟಿನ್ ಪದ್ಯರಚನೆಗೆ ಬಹುಮಾನಗಳನ್ನು ಗೆದ್ದ. 1870ರ ಜನವರಿಯಲ್ಲಿ ಜಾರ್ಜ್ ಇಜಾಂಬಾರ್ ಎಂಬ ತರುಣ ಉಪಾಧ್ಯಾಯ ಆ ಶಾಲೆಗೆ ಬಂದ. ಗುರುವಿಗೆ ಇಪ್ಪತ್ತೊಂದು, ಶಿಷ್ಯನಿಗೆ ಹದಿನೈದು. ಗುರು ತನ್ನ ಪುಸ್ತಕಗಳನ್ನೆಲ್ಲ ಹುಡುಗನ ಮುಂದೆ ತೆರೆದಿಟ್ಟ. ವಿಕ್ಟರ್ ಹ್ಯೂಗೋನ ಕಾದಂಬರಿಯನ್ನು ಮಗನ ಕೈಗೆ ಕೊಟ್ಟದ್ದಕ್ಕೆ ತಾಯಿ ಆಕ್ಷೇಪಿಸಿ ಕಾಗದ ಬರೆದಳು. ಅದೇ ವರ್ಷ ಪ್ರಷ್ಯದೊಡನೆ ಯುದ್ಧ ಹತ್ತಿತು. ಆಗಸ್ಟ್ ಕೊನೆಯಲ್ಲಿ ಹುಡುಗ ಮನೆ ಬಿಟ್ಟು ಓಡಿ, ಟಿಕೆಟ್ಟಿಲ್ಲದೆ ರೈಲಿನಲ್ಲಿ ಪ್ಯಾರಿಸ್ ಸೇರಿ, ಸೆರೆಮನೆಗೆ ಬಿದ್ದ. ಬಿಡಿಸಿ ಕರೆತಂದವನು ಇಜಾಂಬಾರನೇ. ಆ ಗುರುವಿನ ಸೋದರತ್ತೆಯರ ಮನೆಯಲ್ಲಿ ಕುಳಿತು ಹುಡುಗ ತನ್ನ ಕವಿತೆಗಳನ್ನು ಶುದ್ಧಪ್ರತಿ ಮಾಡಿದ. ಅವು ನಮಗೆ ಉಳಿದಿವೆ.

1871ರ ಮೇ ತಿಂಗಳಿನಲ್ಲಿ ಅವನು ಏಳು ವರ್ಷದ ಕವಿಗಳನ್ನು ಕುರಿತು ಒಂದು ಕವಿತೆ ಬರೆದ. ಅದರಲ್ಲಿನ ಬಾಲಕ ತಾಯಿಯ ಎದುರಿಗೆ ವಿಧೇಯ, ಒಳಗೆ ಬಂಡಾಯ. ಕದ ಮುಚ್ಚಿದ ಕೋಣೆಯಲ್ಲಿ ಮಲಗಿ ಅವನು ಮಹಾ ಮರುಭೂಮಿಗಳ ಕನಸು ಹೆಣೆಯುತ್ತಾನೆ. ರಾಂಬೋಗಿಂತ ಹಿಂದಿನವನಾದ ಬೋದಿಲೇರ್, 1863ರ ಪ್ರಬಂಧವೊಂದರಲ್ಲಿ ಪ್ರತಿಭೆಯನ್ನು ಬಾಲ್ಯದ ಪುನಃಪ್ರಾಪ್ತಿಯೆಂದೇ ವಿವರಿಸಿದ್ದ. ರಾಂಬೋಗೆ ಮರಳಿ ಪಡೆಯಬೇಕಾದುದೇನೂ ಇರಲಿಲ್ಲ. ಅವನು ಇನ್ನೂ ಆ ಮನೆಯೊಳಗೇ ಇದ್ದ. ಆದುದರಿಂದಲೇ ಆ ಕವಿತೆಯಲ್ಲಿ ಬಾಲ್ಯ ಸವಿನೆನಪಲ್ಲ, ಉಸಿರುಗಟ್ಟಿಸುವ ವರ್ತಮಾನ.

ಅದೇ ಸೆಪ್ಟೆಂಬರಿನಲ್ಲಿ ಕವಿ ವರ್ಲೇನ್ ಅವನನ್ನು ಪ್ಯಾರಿಸ್ಸಿಗೆ ಕರೆಸಿಕೊಂಡ. ಕಡಲನ್ನೇ ಕಾಣದ ಹುಡುಗ ಅಮಲೇರಿದ ದೋಣಿಯೊಂದರ ದೀರ್ಘ ಕವಿತೆಯನ್ನು ಜೊತೆಗೆ ಒಯ್ದಿದ್ದ. ಇಬ್ಬರೂ ಲಂಡನ್ನಿನಲ್ಲಿ ಅಲೆದರು, ಜಗಳವಾಡಿದರು. 1873ರ ಜುಲೈ 10ರಂದು ಬ್ರಸೆಲ್ಸಿನಲ್ಲಿ ವರ್ಲೇನ್ ಹಾರಿಸಿದ ಗುಂಡು ರಾಂಬೋನ ಮಣಿಕಟ್ಟಿಗೆ ತಗಲಿತು. ವರ್ಲೇನನಿಗೆ ಎರಡು ವರ್ಷ ಸೆರೆಯಾಯಿತು. ನರಕದ ಋತುವನ್ನು ಕುರಿತ ಗದ್ಯಕಾವ್ಯವನ್ನು ರಾಂಬೋ ಆ ವರ್ಷವೇ ಅಚ್ಚು ಹಾಕಿಸಿದ. ಪ್ರತಿಗಳು ಐನೂರು, ಅವುಗಳಲ್ಲಿ ಹೆಚ್ಚಿನವು ಅಚ್ಚುಕೂಟದಲ್ಲಿಯೇ ಉಳಿದು, 1901ರಲ್ಲಿ ಬೆಳಕು ಕಂಡವು. ಅವನ ಇನ್ನೊಂದು ಗದ್ಯಕವಿತೆಗಳ ಗುಚ್ಛದಲ್ಲಿ ಬಾಲ್ಯ, ಯೌವನ ಎಂಬ ಹೆಸರಿನವೇ ರಚನೆಗಳಿವೆ. ಇಪ್ಪತ್ತು ದಾಟಿದ ಮೇಲೆ ಅವನು ಕವಿತೆಯ ಕಡೆಗೆ ತಿರುಗಲಿಲ್ಲ. ಆ ಗುಚ್ಛ 1886ರಲ್ಲಿ ಪ್ರಕಟವಾದಾಗ ಅವನು ಆಫ್ರಿಕದಲ್ಲಿದ್ದ.

1876ರಲ್ಲಿ ಡಚ್ಚರ ಸೈನ್ಯ ಸೇರಿ ಜಾವಾಕ್ಕೆ ಹೋಗಿ, ಅಲ್ಲಿಂದ ಓಡಿಬಂದ. 1880ರಲ್ಲಿ ಏಡನ್ ತಲುಪಿದ. ಆಗ ಆ ರೇವುಪಟ್ಟಣ ಮುಂಬಯಿ ಪ್ರಾಂತದ ಆಡಳಿತಕ್ಕೆ ಒಳಪಟ್ಟಿತ್ತು. ಅಲ್ಲಿಂದ ಹರಾರ್, ಕಾಫಿ ಮತ್ತು ತೊಗಲಿನ ವ್ಯಾಪಾರ, ಕೊನೆಗೆ ಶೋವಾದ ದೊರೆ ಮೆನೆಲಿಕ್‌ಗೆ ಬಂದೂಕು ಮಾರುವ ಸಾಹಸ. ಏಳು ವರ್ಷದ ಬಾಲಕ ಕಂಡ ಮರುಭೂಮಿ ಹೀಗೆ ಕೈಗೂಡಿತು. ಅಲ್ಲಿಂದ ಮನೆಗೆ ಬರೆದ ಕಾಗದಗಳಲ್ಲಿ ಕವಿತೆಯ ಮಾತಿಲ್ಲ. ಮರಗೆಲಸ, ಗಾರೆಗೆಲಸ, ಲೋಹವಿದ್ಯೆಯ ಪುಸ್ತಕಗಳನ್ನು ಕಳುಹಿಸಿರೆಂಬ ಕೋರಿಕೆಯಿದೆ. 1887ರಲ್ಲಿ ಕೈರೋದಿಂದ ಬರೆಯುತ್ತ, ತಲೆ ಪೂರ್ತಿ ನರೆಯಿತೆಂದೂ ಎಂಟು ಕಿಲೋ ತೂಕದ ಚಿನ್ನವನ್ನು ನಡುಪಟ್ಟಿಯಲ್ಲಿ ಹೊತ್ತು ತಿರುಗುತ್ತಿರುವೆನೆಂದೂ ತಿಳಿಸುತ್ತಾನೆ. ಆಗ ಅವನಿಗೆ ಮೂವತ್ತೆರಡು.

ಆದರೆ 1883ರ ಒಂದು ಕಾಗದ ನನ್ನನ್ನು ಪ್ರತಿ ಸಲವೂ ತಡೆದು ನಿಲ್ಲಿಸುತ್ತದೆ. ತನಗೊಬ್ಬ ಮಗನಿರಬೇಕು, ಅವನನ್ನು ಚೆನ್ನಾಗಿ ಓದಿಸಿ ಹೆಸರಾಂತ ಎಂಜಿನಿಯರನನ್ನಾಗಿ ಮಾಡಬೇಕು ಎಂಬ ಆಸೆಯನ್ನು ಅಲ್ಲಿ ತೋಡಿಕೊಂಡಿದ್ದಾನೆ. ತಂದೆಯಿಲ್ಲದೆ ಬೆಳೆದು ಮನೆ ತೊರೆದವನು ಕಂಡ ಕನಸು ಅದು. ಕಳೆದುಹೋದ ತಾರುಣ್ಯವನ್ನು ಅವನು ಕವಿತೆಯಲ್ಲಿ ಹಾಡಲಿಲ್ಲವೆಂದರೆ ನಿಜ. ಅದಕ್ಕಾಗಿ ಮರುಗಲಿಲ್ಲವೆಂದರೆ ನಾನು ಒಪ್ಪಲಾರೆ. ಮಗ ಹುಟ್ಟಲಿಲ್ಲ. 1891ರಲ್ಲಿ ಮಂಡಿಯಲ್ಲಿ ಗೆಡ್ಡೆ ಬೆಳೆದು, ಜನರ ಹೆಗಲ ಮೇಲೆ ಮರುಭೂಮಿ ದಾಟಿ, ಹಡಗಿನಲ್ಲಿ ಮಾರ್ಸೇಯ್ ಸೇರಿದ. ಮೇ ತಿಂಗಳಿನಲ್ಲಿ ಬಲಗಾಲನ್ನು ಕತ್ತರಿಸಿದರು. ನವೆಂಬರ್ 10ರಂದು, ಮೂವತ್ತೇಳನೆಯ ವಯಸ್ಸಿನಲ್ಲಿ, ತಂಗಿ ಇಸಬೆಲ್ಲಳ ಆರೈಕೆಯಲ್ಲಿ ತೀರಿಕೊಂಡ.

ಎಷ್ಟೋ ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ಪದ್ಯಗಳ ನೋಟುಪುಸ್ತಕವನ್ನು ಹಿಡಿದು ಬಂದಿದ್ದ. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದು ಹೇಳಿ ಕಳುಹಿಸಿದೆ. ಪರೀಕ್ಷೆ ಮುಗಿಯಿತು, ಅವನು ಮತ್ತೆ ಬರಲಿಲ್ಲ. ಅವನು ರಾಂಬೋ ಆಗುತ್ತಿದ್ದನೆಂದು ನಾನು ಹೇಳುತ್ತಿಲ್ಲ. ಆದರೆ ಇಜಾಂಬಾರ್ ಪರೀಕ್ಷೆ ಮುಗಿಯುವವರೆಗೆ ಕಾಯಲಿಲ್ಲ. ಹದಿನಾರು ವರ್ಷದವರ ಮಾತಿಗೆ ಕಾಲಾವಕಾಶ ಬಹಳವಿದೆಯೆಂದು ಹಿರಿಯರಾದ ನಾವು ಭಾವಿಸುತ್ತೇವೆ. ಒಮ್ಮೊಮ್ಮೆ ಇರುವುದಿಲ್ಲ.