ತೌಡಿನಲ್ಲಿ ಅಡಗಿದ್ದ ಜೀವಸತ್ವ: ಡಾ. ಕ್ರಿಸ್ಟಿಯಾನ್ ಐಕ್‌ಮನ್ ಅವರ ಬದುಕು

ವೆಲ್ಡ್‌ಹೋವನ್‌ನ ನಮ್ಮ ಕನ್ನಡ ಮನೆಗಳ ಅಡುಗೆಮನೆಯನ್ನು ಒಮ್ಮೆ ಇಣುಕಿ ನೋಡಿದರೆ ಸಾಕು, ಮನೆಯವರು ಯಾವ ಸೀಮೆಯವರೆಂದು ಹೇಳಿಬಿಡಬಹುದು. ಜೋಳದ ಹಿಟ್ಟಿದ್ದರೆ ಉತ್ತರ ಕರ್ನಾಟಕ, ರಾಗಿ ಹಿಟ್ಟಿದ್ದರೆ ಹಳೆಯ ಮೈಸೂರು, ಕುಚ್ಚಲಕ್ಕಿಯ ಚೀಲವಿದ್ದರೆ ಮಂಗಳೂರು, ಉಡುಪಿ ಅಥವಾ ಕಾಸರಗೋಡು. ಇವುಗಳ ಜೊತೆಗೆ ಮಲ್ಲಿಗೆ ಹೂವಿನಷ್ಟು ಬೆಳ್ಳಗಿನ ಸೋನಾ ಮಸೂರಿ ಅಕ್ಕಿಯೂ ಹೆಚ್ಚಿನ ಮನೆಗಳಲ್ಲಿ ಇದ್ದೇ ಇರುತ್ತದೆ. ಅಕ್ಕಿಯ ಈ ಬಿಳುಪಿನ ಹಿಂದೆ ಲಕ್ಷಾಂತರ ಜನರ ನೋವಿನ ಕಥೆಯೊಂದಿದೆ. ಆ ಕಥೆಯ ಗಂಟನ್ನು ಮೊದಲು ಬಿಚ್ಚಿದವರು ನಾವೀಗ ನೆಲೆಸಿರುವ ಈ ನಾಡಿನ ವೈದ್ಯರೊಬ್ಬರು. ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಡಾ. ಕ್ರಿಸ್ಟಿಯಾನ್ ಐಕ್‌ಮನ್ ಅವರನ್ನು ನೆನೆಯುವುದು ಅನ್ನ ಉಣ್ಣುವ ನಮಗೆಲ್ಲ ಒಪ್ಪುವ ಕೆಲಸವೆಂದು ಭಾವಿಸಿದ್ದೇನೆ.

ಐಕ್‌ಮನ್ ಅವರು ಹುಟ್ಟಿದ್ದು 1858ರ ಆಗಸ್ಟ್ 11ರಂದು, ನೈಕರ್ಕ್ ಎಂಬ ಸಣ್ಣ ಊರಿನಲ್ಲಿ. ತಂದೆ ಅಲ್ಲಿನ ಶಾಲೆಯ ಮುಖ್ಯೋಪಾಧ್ಯಾಯರು. ಇವರು ಏಳನೆಯ ಮಗು. ಮರುವರ್ಷ ತಂದೆಗೆ ಜಾಂಡಾಮ್‌ನ ಹೊಸ ಶಾಲೆಯ ಹೊಣೆ ದೊರೆತು ಸಂಸಾರ ಅಲ್ಲಿಗೆ ಹೋಯಿತು. 1875ರಲ್ಲಿ ಐಕ್‌ಮನ್ ಆಮ್‌ಸ್ಟರ್‌ಡಾಮ್‌ನ ಮಿಲಿಟರಿ ವೈದ್ಯಕೀಯ ಶಾಲೆಯನ್ನು ಸೇರಿದರು. ಅಲ್ಲಿ ಕಲಿತವರು ಡಚ್ಚರ ವಸಾಹತಾಗಿದ್ದ ಈಸ್ಟ್ ಇಂಡೀಸ್, ಅಂದರೆ ಇಂದಿನ ಇಂಡೊನೇಷ್ಯಾದಲ್ಲಿದ್ದ ಸೈನ್ಯದಲ್ಲಿ ವೈದ್ಯರಾಗಿ ಸೇವೆ ಸಲ್ಲಿಸಬೇಕಿತ್ತು. 1883ರ ಜುಲೈನಲ್ಲಿ ಅವರಿಗೆ ಗೌರವದೊಡನೆ ಡಾಕ್ಟರೇಟ್ ದೊರೆಯಿತು. ಪ್ರಬಂಧದ ವಿಷಯ ನರಗಳಲ್ಲಿನ ವಿದ್ಯುತ್ ವ್ಯಾಪಾರ. ಮುಂದೆ ನರಗಳನ್ನೇ ಹಿಡಿಯುವ ರೋಗವೊಂದು ತಮ್ಮ ಬಾಳಿನ ಕೆಲಸವಾಗುವುದೆಂದು ಆಗ ಅವರಿಗೆ ಹೊಳೆದಿರಲಾರದು.

ಅದೇ ವರ್ಷ ಮದುವೆಯಾಗಿ ಹಡಗು ಹತ್ತಿದರು. ಜಾವಾದ ಸೆಮರಾಂಗ್, ಚಿಲಾಚಾಪ್, ಆಮೇಲೆ ಸುಮಾತ್ರಾ ಎಂದು ಊರೂರು ತಿರುಗಿದರು. ಚಿಲಾಚಾಪ್‌ನಲ್ಲಿ ಮಲೇರಿಯಾ ಹಿಡಿಯಿತು. ಆರೋಗ್ಯ ಎಷ್ಟು ಕೆಟ್ಟಿತೆಂದರೆ 1885ರಲ್ಲಿ ರಜೆ ಪಡೆದು ತಾಯ್ನಾಡಿಗೆ ಮರಳಬೇಕಾಯಿತು. 1886ರಲ್ಲಿ ಪತ್ನಿ ಆಲ್ಟಿಯೆ ತೀರಿಕೊಂಡರು. ಇಪ್ಪತ್ತೆಂಟನೆಯ ವಯಸ್ಸಿನ ಸುಮಾರಿಗೆ ಮುರಿದ ಆರೋಗ್ಯ, ಬರಿದಾದ ಮನೆ. ಇನ್ನೊಬ್ಬರಾಗಿದ್ದರೆ ಪರದೇಶದ ಸಹವಾಸವೇ ಸಾಕೆನ್ನುತ್ತಿದ್ದರೇನೋ. ಐಕ್‌ಮನ್ ಬರ್ಲಿನ್‌ಗೆ ಹೋಗಿ ರಾಬರ್ಟ್ ಕಾಕ್ ಅವರ ಬಳಿ ಸೂಕ್ಷ್ಮಜೀವಿ ಶಾಸ್ತ್ರ ಕಲಿಯತೊಡಗಿದರು.

ಕಾಕ್ 1882ರಲ್ಲಿ ಕ್ಷಯದ ಕ್ರಿಮಿಯನ್ನು ಕಂಡುಹಿಡಿದಿದ್ದರು. ಪ್ರತಿ ರೋಗಕ್ಕೂ ಒಂದು ಕ್ರಿಮಿ ಇದ್ದೇ ಇರಬೇಕು, ಹುಡುಕಿದರೆ ಸಿಕ್ಕೇ ಸಿಗುತ್ತದೆ ಎಂಬ ಉತ್ಸಾಹದ ಕಾಲವದು. ಅದೇ ಹೊತ್ತಿನಲ್ಲಿ ಈಸ್ಟ್ ಇಂಡೀಸ್‌ನಲ್ಲಿ ಬೆರಿಬೆರಿ ಎಂಬ ರೋಗ ಡಚ್ ಸರಕಾರವನ್ನು ಕಂಗೆಡಿಸಿತ್ತು. ಆಚೆ ಪ್ರಾಂತ್ಯದ ಯುದ್ಧದಲ್ಲಿ ಎಷ್ಟೋ ಸೈನಿಕರು ಅದರಿಂದ ಮೂಲೆ ಸೇರಿದ್ದರು. ಸೆರೆಮನೆಗಳಲ್ಲೂ ಹಡಗುಗಳಲ್ಲೂ ಅದರದೇ ಕಾಟ. ಕಾರಣ ಹುಡುಕಲು ಸರಕಾರವು ಪೆಕೆಲ್‌ಹಾರಿಂಗ್ ಮತ್ತು ವಿಂಕ್ಲರ್ ಎಂಬ ಇಬ್ಬರು ತಜ್ಞರನ್ನು ಕಳುಹಿಸಿತು. ಬರ್ಲಿನ್‌ನಲ್ಲಿ ಅವರ ಪರಿಚಯವಾಗಿ, ಸಹಾಯಕರಾಗಿ ಐಕ್‌ಮನ್ 1886ರಲ್ಲಿ ಮತ್ತೆ ಹಡಗು ಹತ್ತಿದರು.

ಬೆರಿಬೆರಿ ಎರಡು ಬಗೆಯಲ್ಲಿ ದೇಹವನ್ನು ಕೆಡಿಸುತ್ತದೆ. ಒಂದರಲ್ಲಿ ನರಗಳು ಸೋಲುತ್ತವೆ. ಮೊದಲು ಪಾದಗಳಿಗೆ ಜೋಮು ಹಿಡಿಯುತ್ತದೆ, ಮೀನಖಂಡ ನೋಯುತ್ತದೆ, ಕ್ರಮೇಣ ಪಾದವನ್ನು ಎತ್ತಲಾಗದೆ ರೋಗಿ ಕಾಲೆಳೆಯುತ್ತಾನೆ, ಮಾಂಸಖಂಡಗಳು ಕರಗುತ್ತವೆ. ಇನ್ನೊಂದರಲ್ಲಿ ಹೃದಯ ಸೋಲುತ್ತದೆ. ಕಾಲು ಬಾವುತ್ತದೆ, ಏದುಸಿರು ಬರುತ್ತದೆ, ಕೆಲವೊಮ್ಮೆ ಗಂಟೆಗಳ ಅಂತರದಲ್ಲಿ ಸಾವು ಬರುತ್ತದೆ. ಹೊಟ್ಟೆ ತುಂಬ ಉಂಡವರಿಗೂ ಈ ರೋಗ ಬರುತ್ತಿತ್ತು. ಆದ್ದರಿಂದ ಊಟದ ಕಡೆಗೆ ಯಾರಿಗೂ ಅಷ್ಟು ಸಂಶಯ ಹೋಗಲಿಲ್ಲ. ಕೆಲವು ತಿಂಗಳ ಶೋಧನೆಯ ನಂತರ ತಜ್ಞರ ತಂಡ ಇದು ಕ್ರಿಮಿಯ ಕೆಲಸವೆಂದೇ ತೀರ್ಮಾನಿಸಿ 1887ರಲ್ಲಿ ಹಿಂದಿರುಗಿತು. ಬಟೇವಿಯಾದ, ಅಂದರೆ ಇಂದಿನ ಜಕಾರ್ತಾದ, ಮಿಲಿಟರಿ ಆಸ್ಪತ್ರೆಯಲ್ಲಿ ತಂಡ ತೆರೆದಿದ್ದ ಪ್ರಯೋಗಾಲಯ ಕಾಯಂ ಆಯಿತು. 1888ರ ಜನವರಿಯಲ್ಲಿ ಐಕ್‌ಮನ್ ಅದರ ಮೊದಲ ನಿರ್ದೇಶಕರಾದರು. ಅದೇ ವರ್ಷ ಮರುಮದುವೆಯಾದರು.

ಕ್ರಿಮಿಯನ್ನು ಹಿಡಿಯಲು ಅವರು ಕೋಳಿಗಳನ್ನು ಸಾಕಿ ಚುಚ್ಚುಮದ್ದಿನ ಪ್ರಯೋಗ ನಡೆಸಿದರು. 1889ರ ಹೊತ್ತಿಗೆ ಕೋಳಿಗಳು ಕಾಲು ಸೋತು ತೂರಾಡತೊಡಗಿದವು. ಕೊನೆಗೆ ಉಸಿರಾಡಲಾಗದೆ ಸತ್ತವು. ಬೆರಿಬೆರಿಯೇ ಕೋಳಿಗಳಿಗೆ ಬಂದಂತಿತ್ತು. ಆದರೆ ಚುಚ್ಚಿದ ಕೋಳಿಗೂ ಚುಚ್ಚದ ಕೋಳಿಗೂ ಭೇದವಿರಲಿಲ್ಲ, ಎರಡೂ ಬೀಳುತ್ತಿದ್ದವು. ಇದೇನೆಂದು ತಲೆ ಕೆಡಿಸಿಕೊಂಡಿದ್ದಾಗಲೇ ನವೆಂಬರ್ ಕೊನೆಯಲ್ಲಿ ರೋಗ ತಾನಾಗಿಯೇ ಮಾಯವಾಯಿತು.

ವಿಚಾರಿಸಿದಾಗ ಸಂಗತಿ ಹೊರಬಿತ್ತು. ಕೋಳಿಗಳನ್ನು ನೋಡಿಕೊಳ್ಳುತ್ತಿದ್ದವನು ಖರ್ಚು ಉಳಿಸಲೆಂದು ಜೂನ್ ತಿಂಗಳಿನಿಂದ ಆಸ್ಪತ್ರೆಯ ಅಡುಗೆಮನೆಯಲ್ಲಿ ಮಿಕ್ಕ ಬಿಳಿ ಅನ್ನವನ್ನು ಹಾಕುತ್ತಿದ್ದ. ನವೆಂಬರಿನಲ್ಲಿ ಹೊಸ ಅಡುಗೆಯವನು ಬಂದ. ಸೈನ್ಯದ ಅನ್ನ ಸೈನ್ಯಕ್ಕೆ ಸೇರದ ಕೋಳಿಗಳಿಗೆ ಏಕೆ ಎಂದು ಅವನು ನಿಲ್ಲಿಸಿಬಿಟ್ಟ. ಕೋಳಿಗಳು ಹಳೆಯ ಒರಟು ಅಕ್ಕಿಗೆ ಮರಳಿದವು, ಚೇತರಿಸಿಕೊಂಡವು. ಒಬ್ಬ ಅಡುಗೆಯವನ ಕಟ್ಟುನಿಟ್ಟು ಒಂದು ವಿಜ್ಞಾನಕ್ಕೆ ದಾರಿ ತೋರಿಸಿತು. ಐಕ್‌ಮನ್ ಇದನ್ನು ಕಾಕತಾಳೀಯವೆಂದು ಬಿಡಲಿಲ್ಲ. ಬಿಳಿ ಅಕ್ಕಿ ಕೊಟ್ಟು ರೋಗ ಬರಿಸಿದರು, ತೌಡು ಕೊಟ್ಟು ವಾಸಿ ಮಾಡಿದರು. ವರ್ಷಗಟ್ಟಲೆ ಇದೇ ಪರೀಕ್ಷೆ.

ಮನುಷ್ಯರಿಗೂ ಇದು ಅನ್ವಯಿಸುವುದೇ? ಅವರ ಮಿತ್ರ, ಜಾವಾದ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಫೋರ್ಡರ್‌ಮನ್ 101 ಸೆರೆಮನೆಗಳ ಲೆಕ್ಕ ಹಾಕಿ 1897ರಲ್ಲಿ ಪ್ರಕಟಿಸಿದರು. ಒಟ್ಟು ಕೈದಿಗಳು ಸುಮಾರು 2,80,000. ಪಾಲಿಶ್ ಅಕ್ಕಿ ಉಂಡಲ್ಲಿ 39 ಜನರಲ್ಲಿ ಒಬ್ಬರಿಗೆ ಬೆರಿಬೆರಿ. ತೌಡಿನ ಪದರ ಉಳಿದ ಅಕ್ಕಿ ಉಂಡಲ್ಲಿ 10,000ದಲ್ಲಿ ಒಬ್ಬರಿಗೆ. ಉಗಿಯಂತ್ರದ ಗಿರಣಿಗಳು ಬಂದು ಅಕ್ಕಿ ಬೆಳ್ಳಗಾದಂತೆಲ್ಲ ರೋಗ ಏಕೆ ಹಬ್ಬಿತೆಂಬುದು ಇದರಿಂದ ತಿಳಿಯಿತು.

ಆದರೂ ಐಕ್‌ಮನ್ ಅರ್ಧ ಸತ್ಯವನ್ನಷ್ಟೇ ಹಿಡಿದಿದ್ದರು. ಅಕ್ಕಿಯ ಪಿಷ್ಟದಿಂದ ಏನೋ ವಿಷ ಹುಟ್ಟುತ್ತದೆ, ತೌಡಿನಲ್ಲಿ ಅದಕ್ಕೆ ಪ್ರತಿವಿಷವಿದೆ ಎಂದು ಅವರು ಊಹಿಸಿದ್ದರು. ಹೊರಗಿನಿಂದ ಕೆಟ್ಟದ್ದೊಂದು ಸೇರಿದರೆ ಮಾತ್ರ ರೋಗ ಎಂಬ ಆ ಕಾಲದ ನಂಬಿಕೆಯಿಂದ ಅವರಿಗೂ ಬಿಡುಗಡೆ ಸಿಕ್ಕಿರಲಿಲ್ಲ. 1896ರಲ್ಲಿ ಅನಾರೋಗ್ಯದಿಂದ ಅವರು ತಾಯ್ನಾಡಿಗೆ ಹಿಂದಿರುಗಿದ ಮೇಲೆ ಗೆರಿಟ್ ಗ್ರೈನ್ಸ್ ಅದೇ ಕೆಲಸ ಮುಂದುವರಿಸಿದರು. 1901ರಲ್ಲಿ ಗ್ರೈನ್ಸ್ ವಿಷಯವನ್ನೇ ತಿರುಗಿಸಿ ಇಟ್ಟರು: ವಿಷವೂ ಇಲ್ಲ, ಕ್ರಿಮಿಯೂ ಇಲ್ಲ, ದೇಹಕ್ಕೆ ಬೇಕಾದ ಒಂದು ವಸ್ತು ಇಲ್ಲದಿರುವುದೇ ರೋಗ. ತಮ್ಮ ಊಹೆಯನ್ನು ಕೈಬಿಟ್ಟು ಐಕ್‌ಮನ್ ಕೊನೆಗೆ ಇದನ್ನು ಒಪ್ಪಿಕೊಂಡರು. ಹಿರಿಯರೊಬ್ಬರು ತಮ್ಮ ನಂತರ ಬಂದವರ ಮಾತಿಗೆ ಮಣಿಯುವುದು ಸಣ್ಣ ಗುಣವಲ್ಲ.

ಆ ವಸ್ತುವೇ ನಾವಿಂದು ಬಿ1 ಜೀವಸತ್ವ ಅಥವಾ ಥಯಮಿನ್ ಎಂದು ಕರೆಯುವುದು. 1926ರಲ್ಲಿ ಯಾನ್ಸೆನ್ ಮತ್ತು ಡೊನಾತ್ ಎಂಬ ಡಚ್ ವಿಜ್ಞಾನಿಗಳು ಅದೇ ಬಟೇವಿಯಾದ ಪ್ರಯೋಗಾಲಯದಲ್ಲಿ ಅದನ್ನು ತೌಡಿನಿಂದ ಹರಳಾಗಿ ಬೇರ್ಪಡಿಸಿದರು. ಅದು ಮಾಡುವ ಕೆಲಸ ಹೀಗೆ: ನಾವು ಉಂಡ ಅನ್ನ ಗ್ಲೂಕೋಸ್ ಆಗಿ, ಜೀವಕೋಶದಲ್ಲಿ ಅರ್ಧ ಒಡೆದು, ಆಮೇಲೆ ಪೂರ್ತಿ ಉರಿದು ಶಕ್ತಿಯಾಗಬೇಕು. ಆ ಅರ್ಧ ದಾರಿಯ ಬಾಗಿಲು ತೆರೆಯಲು ಥಯಮಿನ್ ಬೇಕು. ಅದಿಲ್ಲದಿದ್ದರೆ ಕಟ್ಟಿಗೆ ರಾಶಿ ಬಿದ್ದಿದ್ದರೂ ಒಲೆ ಹತ್ತುವುದಿಲ್ಲ; ಲ್ಯಾಕ್ಟಿಕ್ ಆಮ್ಲ ಸೇರಿಕೊಳ್ಳುತ್ತದೆ. ಎಡೆಬಿಡದೆ ಶಕ್ತಿ ಬೇಡುವ ನರ, ಹೃದಯ, ಮಿದುಳುಗಳೇ ಮೊದಲು ಸೋಲುತ್ತವೆ. ದೇಹದಲ್ಲಿ ಇದರ ದಾಸ್ತಾನು ಸುಮಾರು 30 ಮಿಲಿಗ್ರಾಂ ಮಾತ್ರ. ಎರಡು ಮೂರು ವಾರಗಳಲ್ಲೇ ಅದು ಮುಗಿಯಬಹುದು. ಅನ್ನ ಹೆಚ್ಚು ಉಂಡಷ್ಟೂ ಅದರ ಅಗತ್ಯವೂ ಹೆಚ್ಚು.

ಐಕ್‌ಮನ್ 1898ರಿಂದ 1928ರವರೆಗೆ ಉಟ್ರೆಕ್ಟ್ ವಿಶ್ವವಿದ್ಯಾಲಯದಲ್ಲಿ ಆರೋಗ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಕುಡಿಯುವ ನೀರಿಗೆ ಮಲದ ಸೋಂಕು ತಗಲಿದೆಯೇ ಎಂದು ತಿಳಿಯುವ ಪರೀಕ್ಷೆಯೊಂದು ಅವರ ಹೆಸರಿನಲ್ಲಿದೆ. ಅವರ ಇನ್ನೊಂದು ಸಂಶೋಧನೆ ನಮ್ಮಂಥ ವಲಸಿಗರಿಗೆ ಸ್ವಾರಸ್ಯವಾದದ್ದು. ಉಷ್ಣದೇಶಕ್ಕೆ ಬಂದ ಯುರೋಪಿಯನ್ನರ ರಕ್ತ ತೆಳ್ಳಗಾಗುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಅವರು ಅಳೆದು ನೋಡಿ, ಆರೋಗ್ಯವಂತರ ರಕ್ತದಲ್ಲಿ ಅಂಥ ಬದಲಾವಣೆಯಿಲ್ಲವೆಂದು ತೋರಿಸಿದರು. 1929ರಲ್ಲಿ ಇಂಗ್ಲೆಂಡಿನ ಹಾಪ್ಕಿನ್ಸ್ ಅವರೊಡನೆ ನೊಬೆಲ್ ಬಹುಮಾನ ಬಂದಾಗ ಸ್ಟಾಕ್‌ಹೋಮ್‌ಗೆ ಹೋಗುವಷ್ಟು ಆರೋಗ್ಯ ಅವರಿಗಿರಲಿಲ್ಲ. 1930ರ ನವೆಂಬರ್ 5ರಂದು ಉಟ್ರೆಕ್ಟ್‌ನಲ್ಲಿ ತೀರಿಕೊಂಡರು. ಐಂಡ್‌ಹೋವನ್‌ನಲ್ಲಿ ರೈಲು ಹತ್ತಿದರೆ ಆ ಊರು ಒಂದು ಗಂಟೆಯ ದಾರಿಯೂ ಅಲ್ಲ. ನಾವು ಎಷ್ಟು ಸಲ ಅದನ್ನು ಹಾದುಹೋಗಿಲ್ಲ!

ಪುತ್ತೂರಿನ ಕಡೆಯ ನಮ್ಮ ಅಜ್ಜಿಮನೆಯಲ್ಲಿ ಭತ್ತವನ್ನು ಬೇಯಿಸಿ, ಒಣಗಿಸಿ, ಕುಟ್ಟಿಸುತ್ತಿದ್ದರು. ತೌಡು, ಅಕ್ಕಿ ತೊಳೆದ ನೀರು ಎರಡೂ ದನಕ್ಕೆ. ದನದ ಪಾಲಿಗೆ ಒಳ್ಳೆಯದೇ ಹೋಯಿತೆಂದು ಈಗ ನಗು ಬರುತ್ತದೆ. ಆದರೆ ಭತ್ತವನ್ನು ಬೇಯಿಸುವಾಗ ಹೊರಪದರದ ಥಯಮಿನ್ ಕಾಳಿನ ಒಳಕ್ಕಿಳಿಯುತ್ತದೆ. ಹಾಗಾಗಿ ಕುಚ್ಚಲಕ್ಕಿ ಉಣ್ಣುವ ಕರಾವಳಿಯವರಿಗೆ, ತಿಳಿಯದೆಯೇ, ರಕ್ಷಣೆ ಇತ್ತು. ರಾಗಿ, ಜೋಳ ಉಣ್ಣುವವರಿಗೂ ಇತ್ತು.

ಇದು ಮುಗಿದುಹೋದ ಕಾಲದ ಮಾತು ಎಂದುಕೊಳ್ಳಬೇಡಿ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ತಾಯಿಯ ಹಾಲನ್ನಷ್ಟೇ ಕುಡಿಯುವ ಎಳೆಯ ಕೂಸುಗಳು ಉಸಿರುಕಟ್ಟಿ, ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತದ ಒತ್ತಡ ಏರಿ ಬರುತ್ತಿದ್ದವು. ಥಯಮಿನ್ ಕೊಟ್ಟಾಗ ಚೇತರಿಸಿಕೊಂಡವು. ತಾಯಂದಿರು ಬಾಣಂತನದ ಪಥ್ಯವೆಂದು ಪಾಲಿಶ್ ಅಕ್ಕಿಯ ಅನ್ನವನ್ನೇ ಮುಖ್ಯವಾಗಿ ಉಂಡು ಉಳಿದುದನ್ನು ಬಿಟ್ಟಿದ್ದರು.

ನಮ್ಮಲ್ಲೂ ಮಗಳ, ಸೊಸೆಯ ಬಾಣಂತನಕ್ಕೆಂದು ಊರಿನಿಂದ ಅಮ್ಮಂದಿರು ಬರುತ್ತಾರೆ. ಅವರ ಅಕ್ಕರೆಯ ಆರೈಕೆಗೆ ಸಮನಾದದ್ದು ಬೇರೊಂದಿಲ್ಲ. ಎಣ್ಣೆ ಸ್ನಾನವೂ ಇರಲಿ, ಮೆಣಸಿನ ಸಾರೂ ಇರಲಿ. ಜೊತೆಗೆ ಬೇಳೆ, ಕಾಳು, ರಾಗಿ, ಶೇಂಗಾ ಇವುಗಳನ್ನು ಬಾಣಂತಿಗೆ ತಪ್ಪಿಸಬೇಡಿ ಎಂದು ಆ ಹಿರಿಯರಲ್ಲಿ ನನ್ನ ವಿನಂತಿ. ಕೂಸು ಹಾಲು ಬಿಟ್ಟು, ದನಿ ಕುಗ್ಗಿ, ಏದುಸಿರು ಬಿಟ್ಟರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಿರಿ. ತಾಯಿ ಏನು ಉಣ್ಣುತ್ತಿದ್ದಾಳೆಂಬುದನ್ನೂ ಹೇಳಿ. ಇಲ್ಲಿನ ಡಾಕ್ಟರರಿಗೆ ನಮ್ಮ ಪಥ್ಯದ ವಿಷಯ ನಾವು ಹೇಳದೆ ತಿಳಿಯುವುದಿಲ್ಲ. ದೇಹಕ್ಕೆ ಏನು ಸೇರಿತು ಎಂದು ಹುಡುಕುವಾಗ ಏನು ಸೇರಲಿಲ್ಲ ಎಂದೂ ಕೇಳಬೇಕು. ಬಟೇವಿಯಾದ ಕೋಳಿಗೂಡಿನ ಮುಂದೆ ಐಕ್‌ಮನ್ ಕಳೆದ ವರ್ಷಗಳು ನಮಗೆ ಬಿಟ್ಟುಹೋದ ತಿಳಿವಳಿಕೆ ಅದೇ.