23 ವರ್ಷ ತಡವಾಗಿ ಬಂದ ಮಹಾವೀರ ಚಕ್ರ

ನಮ್ಮಲ್ಲಿ ತುಂಬಾ ಜನ 'ಸ್ಕೈ ಫೋರ್ಸ್' ಸಿನಿಮಾ ನೋಡಿದ್ದೇವೆ. ಅದರಲ್ಲಿ ಕಾಣೆಯಾಗುವ ಪೈಲಟ್‌ನ ಹೆಸರು ಬೇರೆ. ಆ ಪಾತ್ರಕ್ಕೆ ಮೂಲವಾದವರು ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ಥಿಯೇಟರಿನಿಂದ ಹೊರಗೆ ಬಂದವರಲ್ಲಿ ಎಷ್ಟು ಜನಕ್ಕೆ ಈ ಹೆಸರು ಗೊತ್ತಿತ್ತೋ!

ದೇವಯ್ಯ ಅವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆಯ ಪೈಲಟ್ ಆದರು. 1965ರ ಯುದ್ಧದ ಹೊತ್ತಿಗೆ ಅವರು ಫ್ಲೈಯಿಂಗ್ ಕಾಲೇಜಿನಲ್ಲಿ ಇನ್‌ಸ್ಟ್ರಕ್ಟರ್, ನಮ್ಮ ಭಾಷೆಯಲ್ಲಿ ಮೇಷ್ಟ್ರು. ಅಲ್ಲಿಂದ ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ ನಂ. 1 ಸ್ಕ್ವಾಡ್ರನ್‌ಗೆ ಕಳಿಸಿದರು.

ಸೆಪ್ಟೆಂಬರ್ 7ರ ಬೆಳಗಿನ ಜಾವ. ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ 12 ಮಿಸ್ಟೇರ್ ವಿಮಾನಗಳು ಹೊರಡಬೇಕಿತ್ತು. ದೇವಯ್ಯ ಆ ಹನ್ನೆರಡರಲ್ಲಿ ಇರಲೇ ಇಲ್ಲ, ಅವರು ಸ್ಟ್ಯಾಂಡ್‌ಬೈ. ಯಾರಾದರೂ ಹೋಗಲಾಗದಿದ್ದರೆ ಮಾತ್ರ ಇವರ ಸರದಿ. ಒಂದು ವಿಮಾನ ಹಿಂದೆ ಉಳಿಯಿತು, ಇವರು ಹೊರಟರು.

ದಾಳಿಯ ನಂತರ ಅವರಿಗೆ ಎದುರಾದದ್ದು ಎಫ್-104 ಸ್ಟಾರ್‌ಫೈಟರ್. ಇಲ್ಲಿ ಸ್ವಲ್ಪ ಟೆಕ್ನಿಕಲ್ ಆಗೋಣ. ಸ್ಟಾರ್‌ಫೈಟರ್ ಶಬ್ದಕ್ಕಿಂತ ಎರಡು ಪಟ್ಟು ವೇಗದ ಅಮೆರಿಕನ್ ವಿಮಾನ. ಅದರ ರೆಕ್ಕೆಯ ಅಂಚು ಎಷ್ಟು ತೆಳು ಅಂದರೆ, ನೆಲದ ಮೇಲೆ ನಿಂತಾಗ ಯಾರಿಗೂ ಗಾಯ ಆಗದಿರಲಿ ಅಂತ ಅದಕ್ಕೆ ಕವರ್ ಹಾಕ್ತಿದ್ದರು. ಫ್ರೆಂಚರ ಮಿಸ್ಟೇರ್‌ಗೆ ಆಫ್ಟರ್‌ಬರ್ನರ್ ಕೂಡ ಇಲ್ಲ, ನೇರ ಹಾರಾಟದಲ್ಲಿ ಶಬ್ದದ ವೇಗ ದಾಟಲ್ಲ. ಓಡಿ ತಪ್ಪಿಸಿಕೊಳ್ಳೋ ಮಾತೇ ಇಲ್ಲ. ಆದರೆ ಸ್ಟಾರ್‌ಫೈಟರ್‌ನ ರೆಕ್ಕೆ ತುಂಬಾ ಚಿಕ್ಕದು, ತೂಕ ಜಾಸ್ತಿ. ಹಾಗಾಗಿ ಬಿಗಿಯಾಗಿ ತಿರುಗೋದು ಅದಕ್ಕೆ ಕಷ್ಟ. ಕಡಿಮೆ ಎತ್ತರದಲ್ಲಿ, ಕಡಿಮೆ ವೇಗದಲ್ಲಿ ಅದನ್ನು ಸುತ್ತಾಟಕ್ಕೆ ಎಳೆದರೆ ಮಾತ್ರ ಮಿಸ್ಟೇರ್‌ಗೆ ಒಂದು ಅವಕಾಶ.

ದೇವಯ್ಯ ಅವರ ವಿಮಾನಕ್ಕೆ ಆಗಲೇ ಏಟು ಬಿದ್ದಿತ್ತು. ಆದರೂ ತಿರುಗಿ ನಿಂತು ಸ್ಟಾರ್‌ಫೈಟರ್‌ಗೆ ಗುಂಡು ಹೊಡೆದರು. ಅದರ ಪೈಲಟ್ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಇಜೆಕ್ಟ್ ಆಗಿ ಬದುಕಿದರು. ದೇವಯ್ಯ ಬದುಕಲಿಲ್ಲ. ಅಲ್ಲಿನ ಹಳ್ಳಿಯವರೇ ಅವರನ್ನು ಮಣ್ಣು ಮಾಡಿದರು. ಆಗ ಅವರಿಗೆ 32 ವರ್ಷ.

ಇದ್ಯಾವುದೂ ಇಲ್ಲಿ ಯಾರಿಗೂ ತಿಳಿಯಲಿಲ್ಲ. ಜೊತೆಯವರು ಯಾರೂ ಆ ಕಾಳಗ ನೋಡಿರಲಿಲ್ಲ. ಆದಂಪುರದ ಲೆಕ್ಕದಲ್ಲಿ ವಾಪಸ್ ಬರದ ವಿಮಾನ ಒಂದು, ಕಾಣೆಯಾದ ಪೈಲಟ್ ಒಬ್ಬರು, ಅಷ್ಟೇ. ಕೊಡಗಿನಲ್ಲಿ ಕಾದಿದ್ದ ಮನೆಯವರಿಗೆ ಆ 'ಕಾಣೆ' ಅನ್ನೋ ಪದ ಎಷ್ಟು ಭಾರ ಆಗಿತ್ತೋ, ನಮಗೆ ಊಹಿಸೋಕೂ ಆಗಲ್ಲ.

ವಿಷಯ ಬಯಲಾದದ್ದು ಗಡಿಯ ಆ ಕಡೆಯಿಂದ. ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1965ರ ವಾಯುಯುದ್ಧದ ಬಗ್ಗೆ ಪಾಕಿಸ್ತಾನದವರ ಮಾಹಿತಿ ಇಟ್ಟುಕೊಂಡು ಬರೆದ ಪುಸ್ತಕ 1979ರಲ್ಲಿ ಬಂತು. ಸ್ಟಾರ್‌ಫೈಟರ್ ಒಂದನ್ನು ಮಿಸ್ಟೇರ್ ಬೀಳಿಸಿದ್ದು ಅದರಲ್ಲಿತ್ತು. ಆ ದಿನ ವಾಪಸ್ ಬರದ ಮಿಸ್ಟೇರ್ ಯಾರದು ಅಂತ ನಮ್ಮವರಿಗೆ ಗೊತ್ತಿತ್ತು. ಅಂದು ದಾಳಿಯನ್ನು ಮುನ್ನಡೆಸಿದ್ದ ಓ. ಪಿ. ತನೇಜಾ ಅವರು ದೇವಯ್ಯ ಅವರಿಗೆ ಗೌರವ ಸಿಗಬೇಕೆಂದು ಸರ್ಕಾರಕ್ಕೆ ಬರೆದರು. 1988ರಲ್ಲಿ ಮಹಾವೀರ ಚಕ್ರ ಬಂತು, ಪತ್ನಿ ಅದನ್ನು ಪಡೆದರು. ಅಮ್ಜದ್ ಹುಸೇನ್ ಅವತ್ತು ಬದುಕದಿದ್ದರೆ ಈ ಕಥೆ ಹೇಳೋಕೆ ಯಾರೂ ಇರುತ್ತಿರಲಿಲ್ಲ.

ಮಡಿಕೇರಿಯಲ್ಲಿ ಈಗ ಅವರ ಹೆಸರಿನ ಸರ್ಕಲ್ ಇದೆ. ಟ್ರಿಪ್‌ಗೆ ಹೋದಾಗ ರಾಜಾಸೀಟ್ ಕಡೆ ಓಡೋ ಮುಂಚೆ ಅಲ್ಲಿ ಎರಡು ನಿಮಿಷ ನಿಂತು ಬೋರ್ಡ್ ಓದಿ.